ಬಾಗಿಲು ತೆರೆದಿದೆ, ಕುರ್ಚಿ ಕೇಳಬೇಡಿ

2025ರ ಸೆಪ್ಟೆಂಬರ್ ನಿಮಗೆ ನೆನಪಿರಬಹುದು. ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ 22ನೇ ತಾರೀಖು ಶುರುವಾಗುವುದಿತ್ತು. ಅದರ ಜಾತಿ ಪಟ್ಟಿಯಲ್ಲಿ ಮಾದಿಗ ಕ್ರಿಶ್ಚಿಯನ್, ಕುರುಬ ಕ್ರಿಶ್ಚಿಯನ್, ಲಿಂಗಾಯತ ಕ್ರಿಶ್ಚಿಯನ್ ಅಂತೆಲ್ಲ ಹೆಸರುಗಳು ಕಂಡವು. ಸ್ಟುಡಿಯೋಗಳಿಗೆ ಹಬ್ಬವೋ ಹಬ್ಬ. ಕ್ರೈಸ್ತರಲ್ಲಿ ಜಾತಿ ಎಲ್ಲಿಂದ ಬಂತು ಅಂತ ಒಬ್ಬರು, ಮತಾಂತರಕ್ಕೆ ಸರ್ಕಾರವೇ ರಸೀದಿ ಕೊಡ್ತಾ ಇದೆ ಅಂತ ಇನ್ನೊಬ್ಬರು. ಕೊನೆಗೆ ಆಯೋಗ ಅಂಥ 33 ಹೆಸರುಗಳನ್ನು ಆ್ಯಪ್‌ನಲ್ಲಿ ಕಾಣದ ಹಾಗೆ ಮಾಡಿತು. ಗದ್ದಲ ಇಳಿಯಿತು, ಚಾನೆಲ್‌ಗಳು ಮುಂದಿನ ಸುದ್ದಿಗೆ ಹೋದವು.

ಆ ಗದ್ದಲದಲ್ಲಿ ಪ್ರಶ್ನೆ ಕೇಳಿಸಿಕೊಂಡವರು ಸರ್ಕಾರದವರು, ಆಯೋಗದವರು, ಪಕ್ಷದ ವಕ್ತಾರರು. ಆ 33 ಹೆಸರಿನವರನ್ನೇ ಕೂರಿಸಿಕೊಂಡು ಕೇಳಬೇಕಾದ ಪ್ರಶ್ನೆ ಬೇರೆ ಇತ್ತು. ಏನಪ್ಪಾ, ನಿಮ್ಮ ಅಜ್ಜ ಚರ್ಚಿಗೆ ಸೇರಿ ನೂರು ವರ್ಷ ಆಯ್ತಲ್ಲ, ನಿಮ್ಮವರಲ್ಲಿ ಬಿಷಪ್ ಆದವರು ಯಾರಾದರೂ ಇದ್ದಾರಾ? ಇವತ್ತು ಆ ಪ್ರಶ್ನೆಯ ಬೆನ್ನು ಹತ್ತೋಣ.

ನಾನು ಬಾಡಗಂಡಿಯವನು, ಬೀಳಗಿ ತಾಲ್ಲೂಕು. ಒಂದು ಕಾಲಕ್ಕೆ ನಮ್ಮ ಸೀಮೆಯೆಲ್ಲ ಬಿಜಾಪುರದ ಆದಿಲ್‌ಶಾಹಿ ರಾಜ್ಯ. ಗೋಳಗುಮ್ಮಟ ಕಟ್ಟಿಸಿದ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ, 1637ರಲ್ಲಿ, ರೋಮ್ ನಗರದಲ್ಲಿ ಕೂತ ಚರ್ಚಿನ ದೊಡ್ಡವರು ಈ ಸೀಮೆಗೆ ಒಬ್ಬ ಬಿಷಪ್‌ನನ್ನು ನೇಮಿಸಿದರು. ಆತ ಯೂರೋಪಿನವನಲ್ಲ. ಗೋವಾದ ದಿವಾರ್ ದ್ವೀಪದ ಬ್ರಾಹ್ಮಣ ಮೂಲದ ಕ್ರೈಸ್ತ. ಹೆಸರು ಮತೇವುಸ್ ಡಿ ಕ್ಯಾಸ್ಟ್ರೊ. ಲ್ಯಾಟಿನ್ ಪದ್ಧತಿಯ ಕ್ಯಾಥೊಲಿಕ್ ಚರ್ಚಿನಲ್ಲಿ ಬಿಷಪ್ ಆದ ಮೊದಲ ಭಾರತೀಯ ಈತನೇ. ಈ ಕಥೆ ನಮ್ಮ ಕಡೆ ಎಷ್ಟು ಜನರಿಗೆ ಗೊತ್ತು ಹೇಳಿ?

ಈತ ಪಾದ್ರಿಯಾಗಬೇಕು ಅಂತ ಗೋವಾದಲ್ಲಿ ಕೇಳಿದಾಗ ಅಲ್ಲಿನ ಪೋರ್ಚುಗೀಸ್ ಆರ್ಚ್‌ಬಿಷಪ್ ಆಗುವುದಿಲ್ಲ ಅಂದ. ದೀಕ್ಷಾಸ್ನಾನ ಕೊಡ್ತೇವೆ, ಪಾದ್ರಿ ಪಟ್ಟ ಕೊಡೋದಿಲ್ಲ. ಈತ ಛಲಗಾರ. ನೆಲದ ದಾರಿ ಹಿಡಿದು ನಡೆದ, 1625ಕ್ಕೆ ರೋಮ್ ಮುಟ್ಟಿದ. ಅಲ್ಲೇ ಓದಿ ಪಾದ್ರಿಯಾದ. ತಿರುಗಿ ಗೋವಾಕ್ಕೆ ಬಂದರೆ ಅಲ್ಲಿಯವರು ರೋಮ್‌ನ ಕಾಗದಕ್ಕೂ ಕಿಮ್ಮತ್ತು ಕೊಡಲಿಲ್ಲ. ಮತ್ತೆ ರೋಮ್‌ಗೆ ಹೋದ. ಈ ಸಲ ಬಿಷಪ್ ಆಗಿ ಬಂದ.

ರೋಮ್‌ನವರು ಈತನಿಗೆ ಬಿಜಾಪುರ ಯಾಕೆ ಕೊಟ್ಟರು? ಅಲ್ಲೇ ರಾಜಕೀಯ ಇರೋದು. ತಮ್ಮ ಹಡಗು ಮುಟ್ಟಿದ ನೆಲದಲ್ಲೆಲ್ಲ ಬಿಷಪ್ ಯಾರಾಗಬೇಕು ಅಂತ ಹೇಳುವ ಹಕ್ಕು ಪೋರ್ಚುಗಲ್ ದೊರೆಯ ಕೈಯಲ್ಲಿತ್ತು. ರೋಮ್‌ಗೆ ಅದು ನುಂಗಲಾರದ ತುತ್ತು. 1622ರಲ್ಲಿ ಧರ್ಮಪ್ರಚಾರಕ್ಕೆ ತನ್ನದೇ ಒಂದು ಇಲಾಖೆ ಮಾಡಿಕೊಂಡಿತು. ಪೋರ್ಚುಗೀಸರ ಮಾತು ನಡೆಯದ ಜಾಗ ಹುಡುಕಿದರೆ ಗೋವಾದ ಪಕ್ಕದಲ್ಲೇ ಆದಿಲ್ ಶಾಹನ ರಾಜ್ಯ. ಸರಿ, ಅಲ್ಲಿಗೆ ಒಬ್ಬ ಬಿಷಪ್. ಕುರ್ಚಿ ಸಿಕ್ಕಿದ್ದು ಆತನ ಯೋಗ್ಯತೆಗೆ ಅನ್ನೋದು ಅರ್ಧ ನಿಜ. ಎರಡು ದೊಡ್ಡ ಶಕ್ತಿಗಳ ಜಗಳದಲ್ಲಿ ಒಂದು ಶಕ್ತಿಗೆ ಆತ ಬೇಕಾಗಿದ್ದ ಅನ್ನೋದು ಇನ್ನರ್ಧ.

ಆತ ಗೋವಾದ ಗಡಿಗೆ ಅಂಟಿಕೊಂಡ ಡಿಚೋಲಿಯಲ್ಲಿ ಕೂತ. ಆಗ ಅದು ಬಿಜಾಪುರದ ನೆಲ. ಪೋರ್ಚುಗೀಸರು ಕೊನೆಯವರೆಗೂ ಆತನನ್ನು ಒಪ್ಪಲಿಲ್ಲ. ಸಿಟ್ಟಿನಲ್ಲಿ ಆತ 1653ರ ಸುಮಾರಿಗೆ ಒಂದು ಬರಹ ಬರೆದು ಹಂಚಿದ. ಅದರ ಹೆಸರು ಬ್ರಾಹ್ಮಣರ ಕನ್ನಡಿ. ಪರದೇಶದವರು ನಮ್ಮನ್ನು ತುಳಿಯುತ್ತಿದ್ದಾರೆ, ಏಳಿ, ಅನ್ನುವ ಧಾಟಿ. ಏಳಿ ಅಂತ ಯಾರನ್ನು ಕರೆದ? ಗೋವಾದ ಬ್ರಾಹ್ಮಣ ಕ್ರೈಸ್ತರನ್ನು. ಅದೇ ಗೋವಾದಲ್ಲಿ ದೀಕ್ಷಾಸ್ನಾನ ಪಡೆದ ಶೂದ್ರರಿದ್ದರು, ಅಸ್ಪೃಶ್ಯರಿದ್ದರು. ಅವರ ಮುಖ ಆ ಕನ್ನಡಿಯಲ್ಲಿ ಕಾಣಲಿಲ್ಲ. ಬಿಳಿಯರ ಚರ್ಮದ ಅಹಂಕಾರದ ವಿರುದ್ಧ ಹೋರಾಡಿದ ಮನುಷ್ಯ ತನ್ನ ಜಾತಿಯ ಅಹಂಕಾರವನ್ನು ಮಾತ್ರ ಇಟ್ಟುಕೊಂಡೇ ಹೋರಾಡಿದ. ಇವತ್ತಿನ ಇಡೀ ಮಾತಿನಲ್ಲಿ ಈ ಒಂದು ಸಂಗತಿ ನೆನಪಿಟ್ಟುಕೊಳ್ಳಿ. ಮುಂದೆ ಮತ್ತೆ ಮತ್ತೆ ಎದುರಾಗುತ್ತೆ.

ಈಗ ಸ್ವಲ್ಪ ಇತ್ತ ಬನ್ನಿ. ಬಾಡಗಂಡಿಯಿಂದ ಬಾಗಲಕೋಟೆ ದಾಟಿ ಹೋದರೆ ಗುಳೇದಗುಡ್ಡ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಉಡಿ ತುಂಬಬೇಕಂದರೆ ಗುಳೇದಗುಡ್ಡದ ಖಣವೇ ಬೇಕು. ಮಗ್ಗದ ಊರು ಅದು. ಆ ಊರಿಗೆ 1851ರಲ್ಲಿ ಬಾಸೆಲ್ ಮಿಷನ್ ಬಂತು. ಸ್ವಿಟ್ಜರ್ಲೆಂಡಿನ ಸಂಸ್ಥೆ, ಪಾದ್ರಿಗಳು ಹೆಚ್ಚಿನವರು ಜರ್ಮನ್ನರು. 1834ರಲ್ಲಿ ಮಂಗಳೂರಿಗೆ ಬಂದಿಳಿದರು, 1837ಕ್ಕೆ ಧಾರವಾಡ, ಆಮೇಲೆ ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡ. ಬೆಟಗೇರಿಯ ಆಸ್ಪತ್ರೆಯನ್ನು ಹಳಬರು ಇವತ್ತಿಗೂ ಜರ್ಮನ್ ದವಾಖಾನೆ ಅಂತಾರೆ. ಇವರು ಕನ್ನಡಕ್ಕೆ ಮಾಡಿದ ಕೆಲಸ ನಿಮಗೆ ಗೊತ್ತಿದೆ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರು ಸಮಾಚಾರ ಶುರು ಮಾಡಿದರು, ಕನ್ನಡದ ಮೊದಲ ಪತ್ರಿಕೆ. ನನ್ನಂಥವರು ಇವತ್ತು ಹೊಟ್ಟೆ ಹೊರೆಯುವ ವೃತ್ತಿಗೆ ಅವರೇ ಮೂಲಪುರುಷ. 1894ರಲ್ಲಿ ಕಿಟೆಲ್ ನಿಘಂಟು ಬಂತು. ಹೊರಗಿನವರು ಅಂದ ಮಾತ್ರಕ್ಕೆ ನಮ್ಮವರಲ್ಲ ಅನ್ನೋದಾದರೆ ಕಿಟೆಲ್ಲರನ್ನು ಎಲ್ಲಿ ಇಡೋದು? ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ನಾವೇ ಪ್ರತಿಮೆ ಇಟ್ಟಿದ್ದೇವೆ.

ಆದರೆ ಅದೇ ಮಿಷನ್ನಿನ ಒಳಗೆ ಮೆಟ್ಟಿಲುಗಳಿದ್ದವು. ಮೇಲೆ ಯೂರೋಪಿನ ಮಿಷನರಿ. ಹಣದ ಪೆಟ್ಟಿಗೆ ಅವರ ಹತ್ತಿರ, ತೀರ್ಮಾನ ಅವರದು. ಕೆಳಗೆ ಊರಿನ ಪಾಸ್ಟರು. ಅದಕ್ಕೂ ಕೆಳಗೆ ಉಪದೇಶಿ. ಬಿಸಿಲಲ್ಲಿ ಹಳ್ಳಿ ಹಳ್ಳಿ ತಿರುಗಿ ಬೈಸಿಕೊಂಡು ಬರೋದು ಉಪದೇಶಿ, ವರದಿ ಬರೆಯೋದು ಮಿಷನರಿ. ಈ ಏಣಿಯ ತುದಿ ಮುಟ್ಟಿದ ಒಬ್ಬ ಭಾರತೀಯ ಆನಂದರಾವ್ ಕೌಂಡಿನ್ಯ. ಮಂಗಳೂರಿನ ಸಾರಸ್ವತ ಬ್ರಾಹ್ಮಣ, 1844ರಲ್ಲಿ ಕ್ರೈಸ್ತನಾದಾಗ ಊರೆಲ್ಲ ಗಲಾಟೆ. ಮೋಗ್ಲಿಂಗ್ ಅವರನ್ನು ಬಾಸೆಲ್‌ಗೆ ಕರೆದುಕೊಂಡು ಹೋದರು, ಅಲ್ಲೇ ಓದಿ 1851ರಲ್ಲಿ ಮಿಷನರಿ ದೀಕ್ಷೆ ಪಡೆದರು. ಜರ್ಮನ್ ಹೆಣ್ಣುಮಗಳನ್ನು ಮದುವೆಯಾದರು. ದೊಡ್ಡ ಮನುಷ್ಯ, ಅನುಮಾನವೇ ಇಲ್ಲ. ಕೊಡಗಿನಲ್ಲಿ ಹೊಲೆಯರಿಗಾಗಿ ನೆಲೆ ಮಾಡಿದರು, ಆ ಊರು ಇವತ್ತಿಗೂ ಅವರ ಹೆಸರಿನಲ್ಲಿ ಆನಂದಪುರ. ಆದರೆ ಆನಂದಪುರದಲ್ಲಿ ನೆಲೆ ಪಡೆದ ಮಕ್ಕಳಿಗೆ ಬಾಸೆಲ್‌ನ ದಾರಿ ತೆರೆಯಿತಾ? ಇಲ್ಲ. ಗೋವಾದಲ್ಲೂ ಮೊದಲು ಮೇಲೆ ಹೋದದ್ದು ಬ್ರಾಹ್ಮಣ, ಮಂಗಳೂರಿನಲ್ಲೂ ಬ್ರಾಹ್ಮಣ. ಆ ಇಬ್ಬರ ತಪ್ಪು ಅಂತ ನಾನು ಹೇಳ್ತಾ ಇಲ್ಲ. ಅಕ್ಷರ ಯಾರ ಮನೆಯಲ್ಲಿತ್ತೋ ಏಣಿ ಮೊದಲು ಅವರಿಗೆ ಕಂಡಿತು, ಅಷ್ಟೇ. ಏಣಿ ಇಟ್ಟವರಿಗೆ ಮಾತ್ರ ಅದು ಗೊತ್ತಿರಬೇಕಿತ್ತು.

ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಪಾದ್ರಿಗಳನ್ನು ಹಿಡಿದಿಟ್ಟು ಆಮೇಲೆ ಅವರ ದೇಶಕ್ಕೆ ಅಟ್ಟಿತು. ಹತ್ತಾರು ವರ್ಷ ಊರಿನವರಿಗೆ ಇನ್ನೂ ತಯಾರಿ ಸಾಲದು ಅಂತ ಹೇಳಿಕೊಂಡು ಬಂದಿದ್ದರಲ್ಲ, ಒಂದೇ ಏಟಿಗೆ ಹೊರೆ ಊರಿನವರ ಹೆಗಲಿಗೆ ಬಂತು. ಸಭೆಗಳು ಮುಳುಗಲಿಲ್ಲ, ನಡೆದವು.

ಆ ಹೊತ್ತಿಗೆ ಪಕ್ಕದ ತೆಲುಗು ಸೀಮೆಯಲ್ಲಿ ಒಂದು ದೊಡ್ಡ ಸಂಗತಿ ನಡೆದಾಗಿತ್ತು. ವೇದನಾಯಗಂ ಸ್ಯಾಮ್ಯುವೆಲ್ ಅಜರಾಯ. ತಿರುನೆಲ್ವೇಲಿ ಕಡೆಯ ನಾಡಾರ್ ಸಮುದಾಯದವರು. 1910ರಲ್ಲಿ ಎಡಿನ್‌ಬರೋದ ಮಿಷನರಿ ಸಮ್ಮೇಳನದಲ್ಲಿ ನಿಂತು ಬಿಳಿಯ ಪಾದ್ರಿಗಳ ಮುಖಕ್ಕೇ ಹೇಳಿದರು: ನಮಗಾಗಿ ನೀವು ಹಣ ಕೊಟ್ಟಿರಿ, ಪ್ರಾಣ ಬೇಕಾದರೂ ಕೊಟ್ಟಿರಿ, ಸರಿಸಮವಾಗಿ ಕೂತು ಸ್ನೇಹ ಮಾತ್ರ ಮಾಡಲಿಲ್ಲ. ಭಾವಾರ್ಥ ಇದು. ಸಭೆ ಕಸಿವಿಸಿಗೊಂಡಿತು. ಎರಡೇ ವರ್ಷಕ್ಕೆ, 1912ರ ಡಿಸೆಂಬರ್ 29ರಂದು, ಕಲ್ಕತ್ತದಲ್ಲಿ ಅವರಿಗೆ ಬಿಷಪ್ ಪಟ್ಟ ಕಟ್ಟಿದರು. ಆಂಗ್ಲಿಕನ್ ಚರ್ಚಿನ ಮೊದಲ ಭಾರತೀಯ ಬಿಷಪ್. ತಮಿಳು ಮನೆಮಾತಿನ ಈ ಮನುಷ್ಯ ದೋರ್ನಕಲ್‌ಗೆ ಹೋಗಿ, ತೆಲುಗು ಕಲಿತು, ಮಾಲ ಮಾದಿಗರ ಕೇರಿಗಳಲ್ಲಿ ಬದುಕು ಸವೆಸಿದರು. ಹೊರಗಿನವನು ಅಂತ ಯಾರೂ ಅವರ ಮೇಲೆ ಕಲ್ಲು ತೂರಲಿಲ್ಲ. ಈ ಉದಾಹರಣೆಯನ್ನು ಕೈಯಲ್ಲಿಟ್ಟುಕೊಂಡು ಬೆಂಗಳೂರಿಗೆ ಹೋಗಬೇಕು.

ಅದಕ್ಕೂ ಮೊದಲು ಒಂದು ಸಣ್ಣ ವಿಷಯ. 1947ರ ಸೆಪ್ಟೆಂಬರ್ 27, ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವಾರ. ಮದ್ರಾಸಿನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು, ಇನ್ನೂ ಕೆಲವು ಸಭೆಗಳು ಸೇರಿ ಚರ್ಚ್ ಆಫ್ ಸೌತ್ ಇಂಡಿಯಾ, ಸಿ.ಎಸ್.ಐ. ಅಂತೀವಲ್ಲ, ಅದನ್ನು ಕಟ್ಟಿದರು. ಮೈಸೂರು ಡಯಾಸಿಸ್‌ನ ಮೊದಲ ಬಿಷಪ್ ಗುರುಶಾಂತ, ಕನ್ನಡಿಗರು. ಅವರ ನಂತರ 1951ರಲ್ಲಿ ಆ ಕುರ್ಚಿಗೆ ಬಂದದ್ದು ನಾರ್ಮನ್ ಸಾರ್ಜೆಂಟ್, ಇಂಗ್ಲಿಷರು, ಸುಮಾರು ಎರಡು ದಶಕ ಇದ್ದರು. ಒಳ್ಳೆಯವರೇ, ಚರಿತ್ರೆ ಬರೆದ ವಿದ್ವಾಂಸರು. ಆದರೂ ವಿಧಾನಸೌಧದಲ್ಲಿ ಕೆಂಗಲ್ಲರ, ನಿಜಲಿಂಗಪ್ಪನವರ ಕಾಲ ನಡೀತಾ ಇದ್ದಾಗ ಚರ್ಚಿನ ಕುರ್ಚಿಯಲ್ಲಿ ಇನ್ನೂ ಇಂಗ್ಲೆಂಡು ಕೂತಿತ್ತು! 1970ರಲ್ಲಿ ಆ ಡಯಾಸಿಸ್ ಮೂರಾಯಿತು. ನಮ್ಮ ಕಡೆಯ ಹಳೆಯ ಬಾಸೆಲ್ ಸಭೆಗಳು ತಡವಾಗಿ ಸೇರಿದ್ದವು, ಅವು ಉತ್ತರದ ಡಯಾಸಿಸ್‌ಗೆ ಬಂದವು. ಕೇಂದ್ರ ಧಾರವಾಡ.

ಈಗ ಬೆಂಗಳೂರು. ಇಲ್ಲಿ ಕ್ಯಾಥೊಲಿಕರ ಬಿಷಪ್ ಪೀಠ 1940ರದ್ದು, 1953ರಲ್ಲಿ ಅದು ಮಹಾಧರ್ಮಕ್ಷೇತ್ರ ಆಯಿತು. 1942ರಿಂದ ಇಲ್ಲಿ ಕೂತವರನ್ನು ಎಣಿಸಿ. ಥಾಮಸ್ ಪೋತಕಮೂರಿ, ಗುಂಟೂರು ಕಡೆಯ ತೆಲುಗರು. ಲೂರ್ದುಸಾಮಿ, ಆರೋಗ್ಯಸ್ವಾಮಿ, ಇಬ್ಬರೂ ತಮಿಳರು. 1986ರಿಂದ ಆಲ್ಫೋನ್ಸಸ್ ಮಥಾಯಸ್, ಇಗ್ನೇಷಿಯಸ್ ಪಿಂಟೊ, ಬರ್ನಾರ್ಡ್ ಮೊರಾಸ್, ಈಗ ಪೀಟರ್ ಮಚಾದೊ. ನಾಲ್ವರೂ ಕರಾವಳಿಯ ಕೊಂಕಣಿ ಮನೆಮಾತಿನವರು. ಕೊನೆಯ ಇಬ್ಬರು ನಮ್ಮ ಬೆಳಗಾವಿಯ ಬಿಷಪ್ ಆಗಿದ್ದವರೇ. ಕರ್ನಾಟಕದ ರಾಜಧಾನಿಯಲ್ಲಿ ಮನೆಮಾತು ಕನ್ನಡವಾಗಿರುವ ಒಬ್ಬರೂ ಈ ಪೀಠಕ್ಕೆ ಬಂದಿಲ್ಲ ಅನ್ನೋದು ಕನ್ನಡ ಗುರುಗಳ, ಕನ್ನಡ ಕ್ರೈಸ್ತರ ಹಳೇ ಸಂಕಟ. ಹಾರೋಬೆಲೆಯಂಥ ಹಳ್ಳಿಗಳಲ್ಲಿ ಹೊಲ ಉತ್ತು ಕನ್ನಡದಲ್ಲೇ ಜಪ ಮಾಡಿದ ಜನ ಅವರು. ಅವರ ಸಂಕಟ ಸುಳ್ಳಲ್ಲ.

ಕರಾವಳಿಯವರೂ ಕರ್ನಾಟಕದವರೇ ಅಲ್ಲವೇ ಅಂತ ನೀವು ಕೇಳ್ತೀರಿ. ಹೌದು, ಅದೂ ಸರಿ. ತಮಿಳು ಕ್ಯಾಥೊಲಿಕರೂ ನಿನ್ನೆ ಮೊನ್ನೆ ಬಂದವರಲ್ಲ, ಬ್ರಿಟಿಷರು ದಂಡು ಪ್ರದೇಶ ಕಟ್ಟಿದಾಗಿನಿಂದ ಇದ್ದಾರೆ, ಆ ಚರ್ಚುಗಳ ಕಲ್ಲು ಹೊತ್ತವರು ಅವರು. ಜಗಳ ಬಿಗಿಯಾದದ್ದು ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ. ಅಲ್ಲಿಯವರೆಗೆ ಪೂಜೆ ಲ್ಯಾಟಿನ್‌ನಲ್ಲಿ, ಯಾರಿಗೂ ಅರ್ಥವಾಗುತ್ತಿರಲಿಲ್ಲ, ಹಾಗಾಗಿ ಯಾರಿಗೂ ತಕರಾರಿರಲಿಲ್ಲ! 1963ರಲ್ಲಿ ಜನರ ಭಾಷೆಯಲ್ಲಿ ಪೂಜೆ ಮಾಡಬಹುದು ಅಂತ ಆಯ್ತು. ಜನರ ಭಾಷೆ ಅಂದರೆ ಯಾವ ಜನರ ಭಾಷೆ? ಭಾನುವಾರ ಬೆಳಿಗ್ಗೆ ಎಂಟು ಗಂಟೆಯ ಪೂಜೆ ಯಾರಿಗೆ? ಹೊರಗಿನವರಿಗೆ ಇದು ಸಣ್ಣ ಮಾತು. ಆ ಎಂಟು ಗಂಟೆಗಾಗಿ ಬೆಂಗಳೂರಿನ ಚರ್ಚುಗಳಲ್ಲಿ ಕೈಕೈ ಮಿಲಾಯಿಸಿದ್ದಿದೆ, ಧರಣಿ ಕೂತದ್ದಿದೆ.

ಅದು ಎಲ್ಲಿಗೆ ಹೋಗಿ ಮುಟ್ಟಿತು ಅಂದರೆ, 2013ರ ಮಾರ್ಚ್ 31, ಈಸ್ಟರ್ ಹಬ್ಬದ ರಾತ್ರಿ ಕಳೆದು ಬೆಳಗಾಗುವುದರೊಳಗೆ ಮಲ್ಲೇಶ್ವರದ ಸಂತ ಪೇತ್ರರ ಗುರುಮಠದ ಮುಖ್ಯಸ್ಥ ಕೆ.ಜೆ. ಥಾಮಸ್ ಕೊಲೆಯಾದರು. ಗುರುಗಳನ್ನು ತಯಾರು ಮಾಡುವ ಮನೆಯಲ್ಲೇ ಗುರುಗಳ ಕೊಲೆ. ಒಂದು ವರ್ಷದ ಮೇಲೆ ಪೊಲೀಸರು ಬಂಧಿಸಿದವರಲ್ಲಿ ಪಾದ್ರಿಗಳೂ ಇದ್ದರು. ಭಾಷೆಯ ಜಗಳ, ಅಧಿಕಾರದ ಜಗಳ ಎರಡೂ ತನಿಖೆಯ ಮಾತಿನಲ್ಲಿ ಬಂದವು. ಕನ್ನಡ ಪಾದ್ರಿಗಳೆಲ್ಲರಿಗೂ ಅದರ ಮಸಿ ಬಳಿಯುವುದು ಅನ್ಯಾಯ. ಆದರೆ ಕೇಳಲೇಬೇಕಾದ ಒಂದು ನ್ಯಾಯದ ಬೇಡಿಕೆ ಆ ರಾತ್ರಿಯಿಂದ ತಲೆ ತಗ್ಗಿಸಿಕೊಂಡು ಓಡಾಡುವಂತಾಯಿತು. ಯಾರಿಗೆ ಲಾಭ ಆಯ್ತು ನೀವೇ ಹೇಳಿ.

ನಾನು ಕನ್ನಡದವನು. ಕನ್ನಡಿಗ ಬಿಷಪ್ ಬೇಕು ಅನ್ನೋ ಕೂಗಿಗೆ ನನ್ನ ಮನಸ್ಸು ತಾನಾಗಿಯೇ ಹೂಂ ಅನ್ನುತ್ತೆ. ಹೂಂ ಅಂದಮೇಲೆ ಮುಂದಿನ ಪ್ರಶ್ನೆ: ಯಾವ ಕನ್ನಡಿಗ? ಡಿ ಕ್ಯಾಸ್ಟ್ರೊನ ಕನ್ನಡಿ ನೆನಪಿಟ್ಟುಕೊಳ್ಳಿ ಅಂದಿದ್ದು ಇದಕ್ಕೇ.

ನಮ್ಮ ಜಿಲ್ಲೆಯ ಒಂದು ಸಭೆಯ ಹಿರಿಯರ ಜೊತೆ ಒಮ್ಮೆ ಕಟ್ಟೆಯ ಮೇಲೆ ಕೂತು ಮಾತಾಡ್ತಾ ಇದ್ದೆ. ಎಪ್ಪತ್ತು ದಾಟಿದವರು, ಮೂರು ತಲೆಮಾರಿನ ಕ್ರೈಸ್ತರು.

"ಕಾಕಾ, ನಿಮ್ಮಲ್ಲಿ ಜಾತಿ ಐತೇನ್ರಿ?" ಅಂತ ನೇರವಾಗಿ ಕೇಳಿದೆ.

ಅವರು ನಕ್ಕರು. "ತಮ್ಮಾ, ಪ್ರಾರ್ಥನಾಕ್ಕ ಕುಂಡ್ರೂಮುಂದ ಯಾರೂ ಕೇಳಂಗಿಲ್ಲ. ಹೆಣ್ಣು ಕೊಡೂಮುಂದ ಕೇಳ್ತಾರ. ಕಮಿಟಿ ಎಲೆಕ್ಷನ್ ಬಂದಾಗ ಕೇಳ್ತಾರ."

ಈ ಕಾಕಾ ಹೇಳಿದ್ದನ್ನೇ 2016ರಲ್ಲಿ ಭಾರತದ ಕ್ಯಾಥೊಲಿಕ್ ಬಿಷಪ್‌ಗಳ ಸಮ್ಮೇಳನ ಬೇರೆ ಮಾತಿನಲ್ಲಿ ಒಪ್ಪಿಕೊಂಡಿತು. ದಲಿತ ಕ್ರೈಸ್ತರ ಸಬಲೀಕರಣ ನೀತಿ ಅಂತ ಒಂದು ದಾಖಲೆ ತಂದು, ನಮ್ಮೊಳಗೆ ಅಸ್ಪೃಶ್ಯತೆ ಇದೆ, ತಾರತಮ್ಯ ಇದೆ, ಅದು ಪಾಪ ಅಂದಿತು. ಆಗಿನ ವರದಿಗಳಲ್ಲಿ ಬಂದ ಲೆಕ್ಕ ನೋಡಿ. ದೇಶದ ಸುಮಾರು 1.9 ಕೋಟಿ ಕ್ಯಾಥೊಲಿಕರಲ್ಲಿ 1.2 ಕೋಟಿ ದಲಿತರು. ದೇಶದಲ್ಲಿ ನೂರೈವತ್ತಕ್ಕೂ ಹೆಚ್ಚು ಬಿಷಪ್‌ಗಳು, ಅವರಲ್ಲಿ ದಲಿತರು 12. ಮೂರರಲ್ಲಿ ಎರಡು ಪಾಲು ಜನ, ಹತ್ತರಲ್ಲಿ ಒಂದು ಪಾಲೂ ಇಲ್ಲದ ಕುರ್ಚಿ. 2022ರಲ್ಲಿ ಪುದುಚೇರಿಗೆ ಹೊಸ ಆರ್ಚ್‌ಬಿಷಪ್ ಹೆಸರು ಬಂದಾಗ ದಲಿತ ಕ್ರೈಸ್ತರು ಕಪ್ಪು ಬಾವುಟ ಹಿಡಿದು ಬೀದಿಗೆ ಬಂದರು. ಬಂದ ಆರ್ಚ್‌ಬಿಷಪ್ ತಮಿಳರೇ. ಅಂದರೆ ಭಾಷೆ ಒಂದೇ ಆದ ಮೇಲೂ ಜಗಳ ಉಳಿಯಿತು. ಬೆಂಗಳೂರಿನ ಕನ್ನಡದ ಗೆಳೆಯರು ಇದನ್ನು ಗಮನಿಸಬೇಕು.

ಕುರ್ಚಿ ಸಿಗದಿದ್ದರೆ ಏನಾಯ್ತು, ಹೊಟ್ಟೆಗೆ ಊಟ ಇದೆಯಲ್ಲ ಅನ್ನುವವರಿಗೆ ಕಾನೂನಿನ ಕಥೆ ಹೇಳ್ತೀನಿ. 1950ರ ಪರಿಶಿಷ್ಟ ಜಾತಿಗಳ ಆದೇಶ ಏನು ಹೇಳುತ್ತೆ? ಹಿಂದೂ ಆಗಿದ್ದರೆ ಮಾತ್ರ ಪರಿಶಿಷ್ಟ ಜಾತಿ. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು. ಕ್ರೈಸ್ತರಾದ ದಲಿತರು ಹೊರಗೆ. ಯಾಕೆ? ನಿಮ್ಮ ಧರ್ಮದಲ್ಲಿ ಜಾತಿ ಇಲ್ಲವಲ್ಲ, ಅಂತ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಸೇರಿಸಿ ಅಂದಿತು, ಆಗಲಿಲ್ಲ. 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ಮಾಡಿದರು. ನಮ್ಮ ರಾಜ್ಯದಲ್ಲಿ ಇವರಿಗೆ ಹಿಂದುಳಿದ ಪ್ರವರ್ಗ 1 ಅಂತ ಒಂದು ಮೂಲೆ ಕೊಟ್ಟಿದ್ದೇವೆ. ಪರಿಶಿಷ್ಟರ ಮೀಸಲು ಕ್ಷೇತ್ರದಲ್ಲಿ ನಿಲ್ಲುವ ಹಾಗಿಲ್ಲ, ಜಾತಿ ಹೆಸರಿಡಿದು ಬೈದರೆ ದೌರ್ಜನ್ಯ ತಡೆ ಕಾಯ್ದೆಯ ಆಸರೆ ಇಲ್ಲ.

ಈಗ ಆ ಮನುಷ್ಯನ ಜಾಗದಲ್ಲಿ ನಿಂತು ನೋಡಿ. ತಹಶೀಲ್ದಾರ್ ಕಚೇರಿಗೆ ಹೋದರೆ, ನೀನು ಕ್ರೈಸ್ತ, ನಿನಗೆ ಜಾತಿ ಇಲ್ಲ, ಸರ್ಟಿಫಿಕೇಟ್ ಇಲ್ಲ. ಚರ್ಚಿನ ಕಮಿಟಿಗೆ ಹೋದರೆ, ನೀನು ಇಂಥ ಕೇರಿಯವನು, ನಿನಗೆ ಕುರ್ಚಿ ಇಲ್ಲ. ಒಂದೇ ಜಾತಿ, ಒಂದು ಕಡೆ ಇಲ್ಲ ಅನ್ನಿಸಿಕೊಂಡು ಕಳಕೊಳ್ಳೋದು, ಇನ್ನೊಂದು ಕಡೆ ಇದೆ ಅನ್ನಿಸಿಕೊಂಡು ಕಳಕೊಳ್ಳೋದು. ಆ 33 ಹೆಸರುಗಳನ್ನು ಆ್ಯಪ್‌ನಲ್ಲಿ ಮರೆಮಾಡಿದಾಗ ಹಿಂದೂ ಸಂಘಟನೆಗಳು ಗೆದ್ದೆವು ಅಂದವು. ಚರ್ಚಿನ ಒಳಗೂ ಕೆಲವರು ಸದ್ದಿಲ್ಲದೆ ಉಸಿರು ಬಿಟ್ಟಿರಬಹುದು. ಪಟ್ಟಿ ಇಲ್ಲದಿದ್ದರೆ ಲೆಕ್ಕ ಇಲ್ಲ, ಲೆಕ್ಕ ಇಲ್ಲದಿದ್ದರೆ ಪಾಲು ಕೇಳೋರೂ ಇಲ್ಲ.

ಬದಲಾವಣೆಯೇ ಆಗಿಲ್ಲ ಅಂತ ಅಲ್ಲ. 2013ರಲ್ಲಿ ಸಿ.ಎಸ್.ಐ. ನಂದ್ಯಾಲದಲ್ಲಿ ಪುಷ್ಪಲಲಿತಾ ಅವರನ್ನು ಬಿಷಪ್ ಮಾಡಿತು, ಆ ಚರ್ಚಿನ ಮೊದಲ ಮಹಿಳಾ ಬಿಷಪ್. ಕ್ಯಾಥೊಲಿಕರಲ್ಲಿ ಹೆಣ್ಣಿಗೆ ಪಾದ್ರಿ ಪಟ್ಟವೇ ಇಲ್ಲ, ಆ ಚರ್ಚೆಗೆ ಇನ್ನೊಂದು ರಾತ್ರಿ ಬೇಕು. 2022ರ ಆಗಸ್ಟ್‌ನಲ್ಲಿ ಹೈದರಾಬಾದಿನ ಆರ್ಚ್‌ಬಿಷಪ್ ಆಂಥೋನಿ ಪೂಲ ಕಾರ್ಡಿನಲ್ ಆದರು. ಕರ್ನೂಲು ಸೀಮೆಯ ದಲಿತ ಕುಟುಂಬದವರು. ಭಾರತದ ಮೊದಲ ದಲಿತ ಕಾರ್ಡಿನಲ್. 2025ರ ಮೇ ತಿಂಗಳಲ್ಲಿ ಪೋಪ್ ಆಯ್ಕೆಗೆ ಮತ ಹಾಕಿದ 133 ಮಂದಿಯಲ್ಲಿ ಅವರೂ ಒಬ್ಬರು. ಆ ದಿನ ಎಲ್ಲಾ ಚಾನೆಲ್‌ಗಳೂ ಹೊಗೆ ಕಪ್ಪೋ ಬಿಳಿಯೋ ಅಂತ ತೋರಿಸಿದವು.

ಇನ್ನು ಈ ಕುರ್ಚಿಗೆ ಆಯ್ಕೆ ಹೇಗೆ ನಡೆಯುತ್ತೆ? ಸಿ.ಎಸ್.ಐ.ಯಲ್ಲಿ ಡಯಾಸಿಸ್‌ನ ಸಭೆ ಮತ ಹಾಕಿ ಕೆಲವು ಹೆಸರು ಆರಿಸುತ್ತೆ, ಅದರಲ್ಲಿ ಒಬ್ಬರನ್ನು ಸಿನೊಡ್‌ನವರು ಗೊತ್ತು ಮಾಡ್ತಾರೆ. ಚುನಾವಣೆ ಅಂದಮೇಲೆ ಗುಂಪು, ಬಣ, ಕೋರ್ಟು ಎಲ್ಲ ಇದೆ. ಹೊಲಸು ಅಂತೀರಾ? ಇರಬಹುದು. ಕಣ್ಣಿಗೆ ಕಾಣುವ ಹೊಲಸು, ಪ್ರಶ್ನೆ ಕೇಳೋಕೆ ಒಬ್ಬ ಸಿಗ್ತಾನೆ. ಕ್ಯಾಥೊಲಿಕರಲ್ಲಿ ದೆಹಲಿಯಲ್ಲಿರುವ ಪೋಪ್ ಪ್ರತಿನಿಧಿ ಗುಟ್ಟಾಗಿ ಕೆಲವರನ್ನು ವಿಚಾರಿಸಿ ಮೂರು ಹೆಸರು ರೋಮ್‌ಗೆ ಕಳಿಸ್ತಾರೆ. ಯಾರನ್ನು ಕೇಳಿದರು, ಏನು ಕೇಳಿದರು ಅನ್ನೋದು ಯಾರಿಗೂ ಗೊತ್ತಾಗೋದಿಲ್ಲ. ಕೇಳಿಸಿಕೊಳ್ಳುವವರು ಬಹುಪಾಲು ಈಗಾಗಲೇ ಮೇಲಿರುವವರು. ಮೇಲಿರುವವರಿಗೆ ತಮ್ಮಂಥವರೇ ಮೊದಲು ನೆನಪಾಗ್ತಾರೆ. ಅದಕ್ಕೆ ಪಿತೂರಿಯೇ ಬೇಕಾಗಿಲ್ಲ.

ಬೆಂಗಳೂರಿನ ಈಗಿನ ಮಹಾಧರ್ಮಾಧ್ಯಕ್ಷರು ಹುಟ್ಟಿದ್ದು 1954ರಲ್ಲಿ, ಹೊನ್ನಾವರದಲ್ಲಿ. ಚರ್ಚಿನ ನಿಯಮದಂತೆ 75 ತುಂಬಿದಾಗ ರಾಜೀನಾಮೆ ಪತ್ರ ಕೊಡಬೇಕು, ಅಂದರೆ 2029. ದೆಹಲಿಯಿಂದ ಮೂರು ಹೆಸರು ಹೋಗುತ್ತವೆ. ಕನ್ನಡದ ಗೆಳೆಯರು ಆಗ ಮತ್ತೆ ಬೀದಿಗೆ ಬರ್ತಾರೆ, ಬರಲಿ, ನಾನೂ ಕ್ಯಾಮೆರಾ ತಗೊಂಡು ಬರ್ತೀನಿ. ಮೈಕ್ ಹಿಡಿದು ಅವರಿಗೆ ಕೇಳಬೇಕಾದ್ದು ಈಗಲೇ ಬರೆದಿಟ್ಟುಕೊಂಡಿದ್ದೇನೆ: ನೀವು ಹೇಳುವ ಕನ್ನಡಿಗ ಯಾವ ಕೇರಿಯವನಾದರೂ ಆಗಬಹುದಾ? ಆಯೋಗ ಮರೆಮಾಡಿದ ಆ 33 ಹೆಸರುಗಳಲ್ಲಿ ಒಂದಾದರೂ ನಿಮ್ಮ ಪಟ್ಟಿಯಲ್ಲಿದೆಯಾ?